ನಲವತ್ತನೆಯ ದಿನದ ಬಟ್ಟಲು

ಗುರುವಾರ ಮಧ್ಯಾಹ್ನ ಮೂರು ಗಂಟೆಯಾಯಿತೆಂದರೆ ಅಗ್ಲಾಯಾ ಅಕ್ರೋಟಿನ ಚೀಲವನ್ನು ಉದ್ದನೆಯ ಮೇಜಿನ ಮೇಲೆ ಸುರುವಿ, ಬಂದವರೆಲ್ಲರ ಕೈಗೂ ಒಂದೊಂದು ಪುಟ್ಟ ಸುತ್ತಿಗೆಯನ್ನು ಕೊಡುತ್ತಿದ್ದಳು. ಕುಡಿತ ಬಿಡಲೆಂದು ಆ ಮನೆಯಲ್ಲಿ ಆರು ವಾರ ಉಳಿಯುವ ಗಂಡಸರು ಮೇಜಿನ ಒಂದು ಪಕ್ಕ. ಅವರ ಹೆಂಡತಿಯರು, ತಂದೆತಾಯಿಗಳು, ಒಡಹುಟ್ಟಿದವರು ಇನ್ನೊಂದು ಪಕ್ಕ. ಕೈಗೆ ಕೆಲಸವಿದ್ದರೆ ಬಾಯಿ ತಾನಾಗಿ ಸಡಿಲವಾಗುತ್ತದೆ ಎಂಬುದು, ನಲವತ್ತು ವರ್ಷ ದಾದಿಯಾಗಿದ್ದ ಅವಳು ಕಂಡುಕೊಂಡ ಸತ್ಯ. ಅಲ್ಲಿಯ ನಿಯಮ ಒಂದೇ. ಕುಡಿದವನು ಏನು ಮಾಡಿದನೆಂಬುದನ್ನು ಮನೆಯವರು ಹೇಳಕೂಡದು. ತಾವು ಏನು ಮಾಡಿದೆವೆಂಬುದನ್ನು ಮಾತ್ರ ಹೇಳಬೇಕು.

ಐದು ಗುರುವಾರ ನಾನು ಆ ಮೇಜಿಗೆ ಕುಳಿತು, ಎದುರಿಗಿದ್ದ ನನ್ನ ತಮ್ಮನ ಮುಖ ನೋಡುತ್ತ ಸತ್ಯವನ್ನೇ ಹೇಳಿದೆ. ಹೇಳಿದ್ದೆಲ್ಲವೂ ಸತ್ಯ, ಹೇಳಬೇಕಾದದ್ದು ಮಾತ್ರ ಅದರಲ್ಲಿ ಇರಲಿಲ್ಲ.

ತಮ್ಮನ ಹೆಸರು ಹರಲಂಬಿಯೆ. ಹುಟ್ಟಿದಂದಿನಿಂದ ನಮಗೆ ಅವನು ಲಾಂಬೆ. ಚರ್ಚುಗಳ ಗೋಪುರಕ್ಕೆ ತಗಡು ಹೊದಿಸುವುದು ಅವನ ಕಸುಬು. ಶಿಲುಬೆ ನಿಲ್ಲಿಸಿ ಕೆಳಗಿಳಿದವನಿಗೆ ಕುಡಿಸದೆ ಕಳಿಸುವ ಊರು ಪ್ರೂತ್ ನದಿಯ ಈಚೆಗೆ ಒಂದೂ ಇಲ್ಲ. ಹತ್ತುವ ಮುನ್ನ ಧೈರ್ಯಕ್ಕೆ, ಇಳಿದ ಮೇಲೆ ಸಂತೋಷಕ್ಕೆ ಎಂದು ಇಪ್ಪತ್ತು ವರ್ಷ ಕುಡಿದ ಮೇಲೆ, ಹತ್ತದ ದಿನವೂ ಇಳಿಯದ ದಿನವೂ ಅವನಿಗೆ ಅದು ಬೇಕಾಯಿತು. ನಾನು ಪಾದ್ರಿಗಳಾಗುವವರು ಓದುವ ಸೆಮಿನರಿಯಲ್ಲಿ ಮೂವತ್ತನಾಲ್ಕು ವರ್ಷ ಗ್ರೀಕ್ ಕಲಿಸಿದವನು, ಈಗಲೂ ಭಾನುವಾರಗಳಂದು ಚರ್ಚಿನಲ್ಲಿ ಸ್ತೋತ್ರ ಹಾಡುವವನು, ಮದುವೆಯಾಗದೆ ಅಮ್ಮನೊಡನೆ ಉಳಿದವನು. ಲಾಂಬೆ ಕೆಲಸಕ್ಕೆ ಏಳಲಾರದ ದಿನ ಅವನ ಮೇಸ್ತ್ರಿಗೆ ಪತ್ರ ಬರೆಯುವುದು ನನ್ನ ಪಾಲಿಗೆ ಬಂದಿತ್ತು. ನನ್ನ ಅಕ್ಷರಕ್ಕೆ ಊರಿನಲ್ಲಿ ಗೌರವವಿತ್ತು.

ಐದನೆಯ ಗುರುವಾರ ನಾನು ಹೇಳಿದ್ದು ಆ ಪತ್ರಗಳ ವಿಷಯವನ್ನೇ.

“ಒಂದು ಸಲ ಜ್ವರ ಅಂತ ಬರೆದೆ. ಇನ್ನೊಂದು ಸಲ ಬೆನ್ನುನೋವು. ಕೆಲವು ಸಲ ನಮ್ಮ ಚಿಕ್ಕಮ್ಮ ತೀರಿಕೊಂಡರು ಅಂತ ಬರೆದೆ.”

“ಆಯಮ್ಮ ಒಟ್ಟು ಎಷ್ಟು ಸಲ ಸತ್ತರು ಮೇಷ್ಟ್ರೇ?” ಎಂದು ಪಾಂತೆಲಿ ಕೇಳಿದ. ಅವನ ಮಗನೂ ಆ ಮನೆಯಲ್ಲಿದ್ದ. ಮುದುಕ ಒಂದು ಗುರುವಾರವನ್ನೂ ತಪ್ಪಿಸುತ್ತಿರಲಿಲ್ಲ.

“ಮೂರು ಸಲ.”

“ಅಬ್ಬಾ, ಗಟ್ಟಿ ಜೀವ!”

ಮೇಜಿಗೆ ಮೇಜೇ ನಕ್ಕಿತು. ಲಾಂಬೆಯೂ ನಕ್ಕ. ನಗದಿದ್ದವಳು ಅವನ ಹೆಂಡತಿ ಜೆನೋವಿಯಾ ಒಬ್ಬಳೇ. ಅಗ್ಲಾಯಾ ನನ್ನನ್ನೇ ನೋಡುತ್ತಿದ್ದಳು.

“ನೀವು ಚೆನ್ನಾಗಿ ಹೇಳ್ತೀರಿ ಮೇಷ್ಟ್ರೇ. ತೀರಾ ಚೆನ್ನಾಗಿ ಹೇಳ್ತೀರಿ. ಮನೇಲಿ ಬರೆದು, ತಿದ್ದಿ, ಕಾಪಿ ಮಾಡಿ ತಂದ ಹಾಗಿರುತ್ತೆ,” ಎಂದು ಅವಳು ಅತ್ತ ತಿರುಗಿದಳು. “ಮುಂದಿನ ಗುರುವಾರ ಲಾಂಬೆಯ ಆರು ವಾರ ಮುಗಿಯುತ್ತೆ. ಎಲ್ಲಿಗೆ ಹೋಗ್ತಾನೆ?”

“ನನ್ನ ಮನೆಗಲ್ಲ,” ಎಂದಳು ಜೆನೋವಿಯಾ. ಅವಳ ಸುತ್ತಿಗೆ ನಿಲ್ಲಲಿಲ್ಲ. “ಬೇಸಿಗೇಲಿ ನಾಲ್ಕು ತಿಂಗಳು ಒಂದು ಹನಿ ಮುಟ್ಟಲಿಲ್ಲ. ನಾನು ನಂಬಿದೆ. ಮಗಳು ಸವಿನಾ ನಂಬಿದಳು. ಅತ್ತೆ ತೀರಿದ ನಲವತ್ತನೇ ದಿನ ಎಲ್ಲರ ಬಟ್ಟಲಿಗೂ ವೈನ್ ಹಾಕ್ತಾರಲ್ಲ, ಅವನ ಬಟ್ಟಲಿಗೆ ಅಂತ ನಾನೇ ಚೆರ್ರಿ ಪಾನಕ ಮಾಡಿ ಭಾವನ ಕೈಗೆ ಕೊಟ್ಟೆ. ಯಾರೂ ಒತ್ತಾಯ ಮಾಡಲಿಲ್ಲ, ಯಾರೂ ಕೊಡಲಿಲ್ಲ. ಆದ್ರೂ ಮೂರೇ ದಿನಕ್ಕೆ ತಾನಾಗೇ ಹೋಗಿ ಕುಡಿದು ಬಿದ್ದ. ಯಾರಾದ್ರೂ ಕುಡಿಸಿದ್ರೆ ಅದಕ್ಕೊಂದು ಬಾಗಿಲಿರ್ತಿತ್ತು ಅಗ್ಲಾಯಮ್ಮ. ಮುಚ್ಚಿ ಅಗುಳಿ ಹಾಕ್ತಿದ್ದೆ. ಇದಕ್ಕೆ ಬಾಗಿಲೇ ಇಲ್ಲ. ಎಲ್ಲಿಂದ ಬರುತ್ತೆ ಅಂತಲೇ ಗೊತ್ತಿಲ್ಲದಿದ್ರೆ ನಾನು ಎಲ್ಲಿ ಅಂತ ಕಾವಲು ಕೂರಲಿ?”

“ನಿಯಮ ಮುರಿದೆ ನೀನು.”

“ಮುರಿದೆ.”

“ಇರ್ಲಿ, ಇವತ್ತೊಂದಿನ,” ಎಂದಳು ಅಗ್ಲಾಯಾ.

ಆಗ ನಾನು ಹೇಳಿದೆ: “ನನ್ನ ಮನೆಗೆ ಬರಲಿ. ಅಮ್ಮನ ಕೋಣೆ ಖಾಲಿ ಇದೆ. ಹಾಸಿಗೆ ಆಗಲೇ ಹಾಸಿದ್ದೀನಿ.”

“ಮನೇಲಿ ಕುಡಿಯೋದು ಏನಿದೆ?”

“ಏನೂ ಇಲ್ಲ.” ಹೇಳಿದ ಮೇಲೆ, ಸತ್ಯಕ್ಕೆ ಲೋಪ ಬರಬಾರದೆಂದು ಸೇರಿಸಿದೆ: “ನೆಲಮಾಳಿಗೇಲಿ ಅಮ್ಮನ ಪೀಪಾಯಿ ಒಂದಿದೆ. ತನ್ನ ಸ್ಮರಣೆಯ ದಿನಗಳಿಗೆ ಅಂತ ಅವಳೇ ತೆಗೆದಿಟ್ಟದ್ದು. ಅದು ಕುಡಿಯೋ ವೈನ್ ಅಲ್ಲ.”

ಪಾಂತೆಲಿ ತನ್ನ ಮಗನ ಕಡೆ ಬಾಗಿ, “ಕೇಳಿದೆಯೇನೋ? ಮೇಷ್ಟ್ರ ಮನೇ ವೈನ್ ಕುಡಿಯೋದಲ್ಲವಂತೆ. ನಮ್ಮನೇದು ಮಾತ್ರ ಕುಡಿಯೋದು. ನಾವು ತಪ್ಪು ಪೀಪಾಯಿಗೆ ಹೋದ್ವಿ,” ಎಂದ.

ಈ ಸಲ ನಗು ಹೊರಗಿನ ಅಂಗಳದವರೆಗೂ ಕೇಳಿಸಿರಬೇಕು. ಲಾಂಬೆ ಮಾತ್ರ ನಗಲಿಲ್ಲ. ಅವನ ಸುತ್ತಿಗೆಯಡಿ ಅಕ್ರೋಟು ಚಿಪ್ಪಿನೊಡನೆ ಪುಡಿಪುಡಿಯಾಯಿತು. ಅವನು ನನ್ನತ್ತ ನೋಡಲೂ ಇಲ್ಲ.

ಅವನು ಏಕೆ ನೋಡಲಿಲ್ಲ ಎಂಬುದು ಆ ಕೋಣೆಯಲ್ಲಿ ನನಗೊಬ್ಬನಿಗೆ ತಿಳಿದಿತ್ತು.

ಅಮ್ಮ ತೀರಿಕೊಂಡದ್ದು ಆಗಸ್ಟಿನಲ್ಲಿ, ದೇವಮಾತೆಯ ಹಬ್ಬ ಕಳೆದ ಐದನೆಯ ದಿನ. ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಇಲ್ಲಿ ಏನನ್ನು ಕೊಡುತ್ತೇವೆಯೋ ಅದು ಅಲ್ಲಿ ಅವರ ಮೇಜಿನ ಮೇಲಿರುತ್ತದೆ. ಕೊಡದೆ ಉಳಿದದ್ದಕ್ಕಾಗಿ ಅವರು ಹಸಿದು ಬಾಯಾರಿ ಕಾಯುತ್ತಾರೆ. ಆದ್ದರಿಂದ ನಲವತ್ತನೆಯ ದಿನ, ಜೀವವು ತನ್ನ ಮನೆಯ ಹೊಸ್ತಿಲನ್ನು ಕೊನೆಗೂ ತೊರೆದು ಹೋಗುವ ಆ ದಿನ, ಬಂದವರೆಲ್ಲರ ಕೈಗೆ ಬಳೆಯಾಕಾರದ ಒಂದು ರೊಟ್ಟಿ, ಉರಿಯುವ ಮೇಣದಬತ್ತಿ, ವೈನ್ ತುಂಬಿದ ಮಣ್ಣಿನ ಬಟ್ಟಲು ಇವನ್ನು ಕೊಡುತ್ತೇವೆ. ಪಡೆದವನು “ದೇವರು ಅವಳನ್ನು ಕ್ಷಮಿಸಲಿ” ಎಂದು ನೆಲಕ್ಕೆರಡು ಹನಿ ಚೆಲ್ಲಿ, ಉಳಿದದ್ದನ್ನು ಕುಡಿಯಬೇಕು. ಬಟ್ಟಲು ಅವನದೇ ಆಗುತ್ತದೆ. ಬೇಡವೆನ್ನುವಂತಿಲ್ಲ, ಬೇಡವೆಂದರೆ ಸತ್ತವರ ಕೈಯಿಂದ ಕಸಿದುಕೊಂಡ ಹಾಗೆ.

ಹಾಸಿಗೆ ಹಿಡಿದ ಕೊನೆಯ ವಾರದಲ್ಲಿ ಅಮ್ಮ ನನ್ನನ್ನು ಹತ್ತಿರ ಕರೆದು ಹೇಳಿದ್ದಳು: “ನೀನು ಎಲ್ಲಾನೂ ಸರಿಯಾಗೇ ಮಾಡ್ತೀಯ ವೆನಿಯಾಮಿನ್, ನನಗೆ ಗೊತ್ತು. ಆದ್ರೆ ಲಾಂಬೆ ನನ್ನ ಹೆಸರಲ್ಲಿ ಒಂದು ಬಟ್ಟಲು ಕುಡೀಲಿ. ಒಂದೇ ಒಂದು. ಅವನ ಕೈಯಿಂದ ನನಗೆ ಬೇರೇನೂ ಬೇಡ.”

ನಲವತ್ತನೆಯ ದಿನದ ಬೆಳಿಗ್ಗೆ ಜೆನೋವಿಯಾ ಪಾನಕದ ಹೂಜಿಯೊಂದನ್ನು, ಅದರ ಕತ್ತಿಗೆ ಬಿಳಿಯ ಬಟ್ಟೆ ಕಟ್ಟಿ, ತಂದು ನನ್ನ ಕೈಗಿತ್ತಳು.

“ಬಣ್ಣ ಒಂದೇ, ಭಾವ. ಕೂತವರಿಗೆ ಗೊತ್ತಾಗಲ್ಲ, ಅವನಿಗೂ ನಾಚಿಕೆ ಅನ್ಸಲ್ಲ. ಅವನ ಬಟ್ಟಲಿಗೆ ನೀವೇ ನಿಮ್ಮ ಕೈಯಾರೆ ಹಾಕ್ಬೇಕು. ಬೇರೆ ಯಾರನ್ನೂ ನಾನು ನಂಬಲ್ಲ.”

“ಆಗಲಿ ತಾಯಿ,” ಎಂದೆ. ಆ ಮಾತನ್ನು ನಾನು ಮನಸಾರೆಯೇ ಕೊಟ್ಟೆ.

ಆದರೆ ವಿದ್ವತ್ತಿನದೊಂದು ಕೇಡು ಏನೆಂದರೆ, ಮನಸ್ಸು ಯಾವುದನ್ನು ಮಾಡಬಯಸಿದೆಯೋ ಅದಕ್ಕೆ ಅದು ಆಧಾರವನ್ನು ಹುಡುಕಿಕೊಡದೆ ಇರುವುದಿಲ್ಲ. ವಿಧಿಯಲ್ಲಿ ಹೇಳಿರುವುದು ವೈನ್, ಹಣ್ಣಿನ ಪಾನಕವಲ್ಲ. ಚರ್ಚಿನ ಪಾತ್ರೆಯಿಂದ ನಾಲಗೆಗೆ ಮುಟ್ಟಿದ ವೈನಿನಿಂದ ಯಾವನೂ ಕೆಟ್ಟದ್ದಿಲ್ಲ. ಪ್ರಾರ್ಥನೆಯಾಗಿ ಸತ್ತವರಿಗೆ ಸಲ್ಲುವುದು ಕುಡಿತವಲ್ಲ, ದಾನ. ದಾನದಿಂದ ಹಾನಿಯುಂಟಾಗುವುದೆಂದರೆ ದೇವರ ವ್ಯವಸ್ಥೆಯಲ್ಲಿಯೇ ದೋಷವಿದೆಯೆಂದು ಒಪ್ಪಿದಂತೆ. ಪಾದ್ರಿಗಳು ಬೇಯಿಸಿದ ಗೋಧಿಯ ಹರಿವಾಣದ ಮುಂದೆ ಸ್ತೋತ್ರಗಳನ್ನು ಹೇಳುತ್ತಿದ್ದಷ್ಟು ಹೊತ್ತೂ ನಾನು ಹೀಗೆ ಒಂದರ ಮೇಲೊಂದು ವಾಕ್ಯವನ್ನು ಜೋಡಿಸಿದೆ. ನನ್ನ ಬಾಯಿ ಅವರೊಡನೆ ಹಾಡುತ್ತಿತ್ತು.

ಅಂಗಳದ ಮೇಜುಗಳಿಗೆ ಜನ ಕುಳಿತರು. ಜೆನೋವಿಯಾ ರೊಟ್ಟಿಯ ಬುಟ್ಟಿ ತರಲು ಒಳಗೆ ಹೋದಳು. ನಾನು ಪೀಪಾಯಿಯಿಂದ ತುಂಬಿದ ಹೂಜಿಯನ್ನೆತ್ತಿ ಲಾಂಬೆಯ ಬಟ್ಟಲನ್ನು ಅಂಚಿನವರೆಗೆ ತುಂಬಿದೆ.

ಅವನು ಬಟ್ಟಲನ್ನು ಮುಖದ ಹತ್ತಿರ ತಂದು ನಿಲ್ಲಿಸಿದ.

“ಅಣ್ಣ?”

“ಅಮ್ಮ ಕೇಳಿದ್ದು,” ಎಂದೆ.

ಅವನು “ದೇವರು ಅವಳನ್ನು ಕ್ಷಮಿಸಲಿ,” ಎಂದು ಎರಡು ಹನಿ ನೆಲಕ್ಕೆ ಚೆಲ್ಲಿ, ಬಟ್ಟಲನ್ನು ತುಟಿಯಿಂದ ತೆಗೆಯದೆ ಕುಡಿದು ಮುಗಿಸಿದ. ಜೆನೋವಿಯಾ ರೊಟ್ಟಿಯೊಡನೆ ಹೊರಬಂದು, ಬರಿದಾದ ಬಟ್ಟಲನ್ನು ಕಂಡು, ನನಗೆ ಕಣ್ಣಿನಲ್ಲೇ ಕೃತಜ್ಞತೆ ಹೇಳಿದಳು.

ಮೂರನೆಯ ದಿನ ಸವಿನಾ ಶಾಲೆಯಿಂದ ಬಂದು ತಗಡು ಇಡುವ ಕೊಟ್ಟಿಗೆಯ ಬಾಗಿಲು ತೆರೆದಾಗ ಅಪ್ಪ ತಗಡಿನ ಹಾಳೆಗಳ ನಡುವೆ ಬಿದ್ದಿದ್ದ. ನನಗೆ ಹೇಳಿಕಳಿಸಿದರು. ನಾನು ಹೋಗಿ, ಹಿಂದೆ ನೂರು ಸಲ ಮಾಡಿದಂತೆ, ಅವನ ಬೂಟುಗಳನ್ನು ಬಿಚ್ಚಿದೆ. ಮಂಚದ ಅಂಚಿನಲ್ಲಿ ಕುಳಿತ ಜೆನೋವಿಯಾ ಅವನ ಗಲ್ಲ ಹಿಡಿದು ತನ್ನತ್ತ ತಿರುಗಿಸಿ ಕೇಳಿದಳು: “ಎಲ್ಲಿ ಶುರುವಾಯ್ತು? ಅದೊಂದು ಹೇಳು. ಎಲ್ಲಿ?”

“ಅಂಗಡೀಲಿ,” ಎಂದ ಲಾಂಬೆ. “ನಾನೇ ಹೋದೆ.”

ನಾನು ಅವನ ಬೂಟುಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಒಂದು ವಾಕ್ಯ ಸಾಕಾಗಿತ್ತು. ಮೂವತ್ತನಾಲ್ಕು ವರ್ಷ ವಾಕ್ಯಗಳಿಂದಲೇ ಬದುಕಿದವನಿಗೆ ಅಂದು ಒಂದೂ ಒದಗಲಿಲ್ಲ.

ಜೆನೋವಿಯಾ ಎದ್ದು ನನ್ನ ಬಳಿಗೆ ಬಂದಳು. “ನಿಮಗೆ ಹೇಗೆ ಮುಖ ತೋರಿಸ್ಲಿ ಭಾವ. ಅಷ್ಟು ಜೋಪಾನ ಮಾಡಿದ್ರಿ ನೀವು. ಅಷ್ಟನ್ನೂ ಮಣ್ಣುಪಾಲು ಮಾಡಿದ. ಕ್ಷಮಿಸ್ಬಿಡಿ.”

“ಪರವಾಗಿಲ್ಲಮ್ಮ,” ಎಂದೆ. ನಾನು ಅವಳನ್ನು ಕ್ಷಮಿಸಿದೆ.

ಲಾಂಬೆಯನ್ನು ಮೊದಲು ಆಸ್ಪತ್ರೆಗೆ, ಅಲ್ಲಿಂದ ಅಗ್ಲಾಯಾಳ ಮನೆಗೆ ಸೇರಿಸಿದರು. ಆ ದಿನಗಳಲ್ಲಿ ನಾನು ಪಾಪನಿವೇದನೆಗೂ ಹೋದೆ. ಪಾದ್ರಿಗಳ ಮುಂದೆ ಮಂಡಿಯೂರಿ, “ದಾನ ಕೊಡುವುದರಲ್ಲಿ ವಿವೇಕ ತಪ್ಪಿದ್ದೇನೆ,” ಎಂದೆ. ಅವರು ಸೆಮಿನರಿಯಲ್ಲಿ ನನ್ನ ಕೈಕೆಳಗೆ ಕಲಿತವರು. ಗುರುವಿನ ವಿನಯವೆಂದು ಭಾವಿಸಿ, ಹೆಚ್ಚು ಕೇಳದೆ, ನನ್ನ ತಲೆಯ ಮೇಲೆ ಉತ್ತರೀಯವನ್ನು ಹೊದಿಸಿ ಕ್ಷಮಾಪಣೆಯ ಮಂತ್ರ ಹೇಳಿದರು. ಪಾಪವನ್ನು ಅಂದವಾದ ಮಾತಿನಲ್ಲಿ ಸುತ್ತಿ ದೇವರ ಬಾಗಿಲಿಗೂ ಒಯ್ಯಬಹುದೆಂದು ಆ ದಿನ ತಿಳಿದುಕೊಂಡೆ. ಹಗುರವಾಗಲಿಲ್ಲ.

ಪಾಂತೆಲಿಯ ಮಾತಿಗೆ ಎಲ್ಲರೂ ನಕ್ಕ ಆ ಐದನೆಯ ಗುರುವಾರ, ಸಭೆ ಮುಗಿದ ಮೇಲೆ ಹಿತ್ತಿಲಿಗೆ ಹೋದೆ. ಲಾಂಬೆ ಸೌದೆ ಒಡೆಯುತ್ತಿದ್ದ.

“ಹೇಳ್ಬೇಡ,” ಎಂದ, ನಾನು ಬಾಯಿ ತೆರೆಯುವ ಮುನ್ನವೇ.

“ಅವಳು ನಿನ್ನನ್ನ ಮನೆಗೆ ಸೇರಿಸೊಲ್ಲ ಅಂತಿದ್ದಾಳೆ, ಲಾಂಬೆ.”

“ಕೇಳಿಸ್ತು. ನನಗಿರೋದು ಕುಡಿತದ ಚಟ, ಕಿವುಡಲ್ಲ.”

“ಅದಕ್ಕೆ ಕಾರಣ ನಾನು.”

ಅವನು ಕೊಡಲಿಯನ್ನು ಕೊರಡಿನ ಮೇಲೆ ನಿಲ್ಲಿಸಿದ. “ಬಟ್ಟಲು ಎತ್ತಿದ ಕೈ ಯಾರದು? ವಾಸನೆ ಬಡೀತು, ಗೊತ್ತಾಯ್ತು. ಕೆಳಗಿಡಬಹುದಿತ್ತು, ಇಡ್ಲಿಲ್ಲ. ಸಂತೋಷ ಆಯ್ತು ಅಣ್ಣ, ಗೊತ್ತಾ ನಿಂಗೆ? ಅಮ್ಮನ ಹೆಸರಲ್ಲಿ ಆದ್ರೂ ಒಂದು ಬಟ್ಟಲು ಸಿಕ್ತಲ್ಲ ಅಂತ ಸಂತೋಷ ಆಯ್ತು. ಅದನ್ನ ಯಾರಿಗೆ ಹೇಳ್ಲಿ?”

“ಆದರೂ ಜೆನೋವಿಯಾಗೆ ತಿಳಿದರೆ...”

“ತಿಳಿದ್ರೆ ಏನಾಗುತ್ತೆ? ಸವಿನಾ ಪಾಲಿಗೆ ನಮ್ಮ ಮನೇಲಿ ನೆಟ್ಟಗಿರೋ ಗಂಡಸು ಅಂದ್ರೆ ದೊಡ್ಡಪ್ಪ ಒಬ್ಬನೇ. ಅದನ್ನೂ ಕಿತ್ಕೊಂಡ್ರೆ ಆ ಹುಡುಗಿಗೆ ಏನುಳೀತು? ನಾನು ಹೇಗೂ ಮಸಿ ಬಳ್ಕೊಂಡವನು. ಇನ್ನೊಂದು ಬೊಟ್ಟು ಹತ್ತಿದ್ರೆ ಕಾಣಲ್ಲ. ಬಿಡು.”

ಬಸ್ಸಿನಲ್ಲಿ ಊರಿಗೆ ಮರಳುವಾಗ ಯಾರೋ ಮೆಲ್ಲಗೆ ಸ್ತೋತ್ರವೊಂದನ್ನು ಗುನುಗುತ್ತಿರುವುದು ಕೇಳಿಸಿತು. ಎರಡು ನಿಲ್ದಾಣ ಕಳೆದ ಮೇಲೆ, ಗುನುಗುತ್ತಿರುವವನು ನಾನೇ ಎಂಬುದು ತಿಳಿಯಿತು. ತಮ್ಮನು ನನ್ನ ಪಾಪವನ್ನು ತನ್ನ ಹೆಗಲಿಗೆ ತೆಗೆದುಕೊಂಡನೆಂದು ನಾನು ಹಾಡುತ್ತಿದ್ದೆ.

ಶನಿವಾರ ಅಮ್ಮನ ಮೂರನೆಯ ತಿಂಗಳ ಸ್ಮರಣೆ. ಊಟವನ್ನಿಡದೆ, ಪೀಪಾಯಿಯನ್ನು ಮುಟ್ಟದೆ, ಸಕ್ಕರೆ ಉದುರಿಸಿದ ಗೋಧಿಯ ಹರಿವಾಣವೊಂದನ್ನೇ ಚರ್ಚಿಗೆ ಒಯ್ದಿದ್ದೆ. ಸತ್ತವರ ನೆನಪು ನಿತ್ಯವಾಗಲಿ ಎಂಬ ಕೊನೆಯ ಹಾಡಿಗೆ ಮನೆಯವರೆಲ್ಲ ಆ ಹರಿವಾಣವನ್ನು ಸುತ್ತಲೂ ಹಿಡಿದು, ತೊಟ್ಟಿಲಿನಂತೆ ಮೇಲಕ್ಕೂ ಕೆಳಕ್ಕೂ ತೂಗಬೇಕು. ಒಂದು ಪಕ್ಕ ನಾನು; ಎದುರಿಗೆ ಜೆನೋವಿಯಾ ಮತ್ತು ಸವಿನಾ. ಹಾಡು ಮುಗಿದಾಗ ಜೆನೋವಿಯಾ ಹರಿವಾಣವನ್ನು ಬಿಡದೆ ಹೇಳಿದಳು:

“ಭಾವ, ಅವನನ್ನ ನಿಮ್ಮ ಕೈಗೆ ಒಪ್ಪಿಸ್ತಿದೀನಿ. ನನ್ನ ಹತ್ರ ಶಕ್ತಿ ಇಲ್ಲ. ನಿಮ್ಮ ಹತ್ರ ಇದ್ದಾನೆ ಅಂದ್ರೆ ನಾನು ಕಣ್ಣು ಮುಚ್ಚಿ ಮಲಗ್ಬಹುದು.”

“ಅಪ್ಪ ನಿಮ್ಮನೇಲಿದ್ರೆ ನಾನೂ ಬರ್ಬಹುದಾ ದೊಡ್ಡಪ್ಪ?” ಎಂದು ಸವಿನಾ ಕೇಳಿದಳು. “ಅಮ್ಮ ಅವರನ್ನ ನಮ್ಮನೆಗೇ ಕರೆಸಲ್ವಂತೆ.”

ಹರಿವಾಣ ನನ್ನ ಪಕ್ಕಕ್ಕೆ ವಾಲಿತು. ಅರ್ಧ ಗೋಧಿ ಕಲ್ಲುಹಾಸಿನ ಮೇಲೆ ಚೆಲ್ಲಿತು. ಜೆನೋವಿಯಾ ಅಯ್ಯೋ ಎಂದು ಬಾಗಿ, ಒಂದೊಂದು ಕಾಳನ್ನೂ ಬೆರಳಲ್ಲಿ ಆರಿಸತೊಡಗಿದಳು. ನನಗೆ ವಯಸ್ಸಾಯಿತೆಂದು ಸಮಾಧಾನ ಹೇಳುತ್ತಲೇ ಆರಿಸಿದಳು.

ಆರನೆಯ ಗುರುವಾರ ಲಾಂಬೆಯ ಚೀಲ ಬಾಗಿಲ ಬಳಿ ಸಿದ್ಧವಾಗಿತ್ತು. ಎಲ್ಲರೂ ಹೇಳಿ ಮುಗಿಸಿದ ಮೇಲೆ ಅಗ್ಲಾಯಾ, “ನಿಮ್ಮ ಸರದಿ, ಮೇಷ್ಟ್ರೇ,” ಎಂದಳು.

ನಾನು ಸುತ್ತಿಗೆ ಕೆಳಗಿಟ್ಟೆ. “ಮೊದಲಿಗೆ ದಾನದ ಸ್ವರೂಪ ಎಂಥದ್ದು ಅನ್ನೋದನ್ನ...”

“ಮುನ್ನುಡಿ ಬೇಡ.”

ಮುನ್ನುಡಿ ಇಲ್ಲದೆ ನನ್ನ ಬಳಿ ಇದ್ದದ್ದು ಮೂರೇ ಮಾತು. “ವೈನ್ ಹಾಕಿದ್ದು ನಾನು,” ಎಂದೆ.

ಲಾಂಬೆ ಕಣ್ಣು ಮುಚ್ಚಿಕೊಂಡ. ಜೆನೋವಿಯಾಳಿಗೆ ಅರ್ಥವಾಗಲಿಲ್ಲ. “ಎಲ್ಲಿಗೆ?”

“ನಲವತ್ತನೇ ದಿನ. ಲಾಂಬೆಯ ಬಟ್ಟಲಿಗೆ. ನಿನ್ನ ಪಾನಕ ಹಾಕಲಿಲ್ಲ.”

“ಹೂಜಿ ಅದಲುಬದಲಾಯ್ತಾ?” ಅವಳ ದನಿಯಲ್ಲಿ ಆಸೆಯಿತ್ತು. ಅವಳೇ ನನಗಾಗಿ ತೆರೆದು ಹಿಡಿದ ದಾರಿ ಅದು. ಹೌದೆಂದರೆ ಎಲ್ಲವೂ ಮುಗಿದುಹೋಗುತ್ತಿತ್ತು.

“ಇಲ್ಲ. ನೀನು ರೊಟ್ಟಿ ತರೋಕೆ ಒಳಗೆ ಹೋಗೋವರೆಗೂ ಕಾದೆ.”

“ಎಷ್ಟು ಹಾಕಿದ್ರಿ?”

“ತುಂಬಾ. ಅಂಚಿನವರೆಗೂ.”

“ಪಾನಕ ಏನ್ಮಾಡಿದ್ರಿ?”

“ದ್ರಾಕ್ಷಿ ಬಳ್ಳಿಯ ಬುಡಕ್ಕೆ ಸುರಿದೆ.”

ಅವಳು ತನ್ನ ಕೈಗಳನ್ನು ನೋಡಿಕೊಂಡಳು. “ಒಂದೊಂದೇ ಹಣ್ಣಿಂದ ಬೀಜ ತೆಗೆದಿದ್ದೆ,” ಎಂದು ಯಾರಿಗೂ ಅಲ್ಲದಂತೆ ಹೇಳಿದಳು. “ನಾಲ್ಕು ದಿನ ಬೆರಳಿನ ಕೆಂಪು ಹೋಗಿರ್ಲಿಲ್ಲ.”

“ಯಾಕೆ ಹಾಕಿದ್ರಿ?” ಎಂದು ಅಗ್ಲಾಯಾ ಕೇಳಿದಳು.

“ಅಮ್ಮ ಕೇಳಿದ್ದಳು. ಸಾಯೋ ಮುಂಚೆ.”

“ಅದು ನಿಮ್ಮಮ್ಮಂದು. ನಿಮ್ಮದು ಹೇಳಿ.”

ಒಂದು ಗ್ರೀಕ್ ವಾಕ್ಯ ನಾಲಗೆಯ ತುದಿಗೆ ಬಂತು, ನುಂಗಿಕೊಂಡೆ. ಅದರ ಹಿಂದೆ ಏನಿತ್ತೋ ಅದನ್ನು ನಾನೂ ಅಲ್ಲಿಯವರೆಗೆ ನೋಡಿರಲಿಲ್ಲ.

“ಅವನು ಕುಡಿಯದಿದ್ದ ಆ ನಾಲ್ಕು ತಿಂಗಳು ಸಹಾಯ ಬೇಕು ಅಂತ ಯಾರೂ ನನ್ನ ಬಾಗಿಲು ತಟ್ಟಲಿಲ್ಲ,” ಎಂದೆ. “ಪತ್ರ ಬರೆಯೋದಿರಲಿಲ್ಲ. ಬೂಟು ಬಿಚ್ಚೋದಿರಲಿಲ್ಲ. ಲಾಂಬೆ ಭಾನುವಾರ ಬರೋನು, ಅಮ್ಮನ ಮಂಚದ ಮೇಲೆ ಕೂತು ಗೋಪುರದ ಕಥೆ ಹೇಳೋನು. ಅಮ್ಮ ನಗೋಳು. ಒಂಬತ್ತು ವರ್ಷ ಅವಳಿಗೆ ಔಷಧಿ ಕುಡಿಸಿದವನು ನಾನು. ನನ್ನ ಮಾತಿಗೆ ಅವಳು ಒಂದು ದಿನವೂ ಹಾಗೆ ನಕ್ಕಿಲ್ಲ. ಅವನು ಬಿದ್ದ ದಿನ ನಾನು ಮನೆಗೆ ಹೋಗಿ ಮೊದಲು ಮಾಡಿದ ಕೆಲಸ ಅಂದ್ರೆ ಅಮ್ಮನ ಕೋಣೇಲಿ ಅವನಿಗೆ ಹಾಸಿಗೆ ಹಾಸಿದ್ದು. ಯಾರೂ ಕೇಳೋ ಮುಂಚೆ. ಅಳ್ತಾ ಹಾಸಲಿಲ್ಲ. ಒಪ್ಪ ಮಾಡಿ, ಸುಕ್ಕಿಲ್ಲದ ಹಾಗೆ ಹಾಸಿದೆ.”

ಪಾಂತೆಲಿ ತನ್ನ ಮುಂದಿದ್ದ ಚಿಪ್ಪುಗಳನ್ನು ಒಟ್ಟುಮಾಡಿದ.

ಜೆನೋವಿಯಾ ಗಂಡನ ಕಡೆ ತಿರುಗಿದಳು. “ನಿಂಗೆ ಗೊತ್ತಿತ್ತು.”

“ವಾಸನೆಗೇ ಗೊತ್ತಾಯ್ತು.”

“ಅಂಗಡಿ ಅಂದೆ.”

“ಅಂಗಡಿಗೂ ಹೋದೆ. ಮಾರನೇ ದಿನ.”

“ಅಂದ್ರೆ ಬಾಗಿಲು ಎಲ್ಲಿದೆ ಅಂತ ಇಬ್ಬರಿಗೂ ಗೊತ್ತಿತ್ತು. ನಾನೊಬ್ಬಳು ಎರಡು ತಿಂಗಳು ಬರೀ ಗೋಡೆ ಕಾಯ್ತಾ ಕೂತಿದ್ದೆ.” ಅವಳು ಕೂಗಲಿಲ್ಲ, ಕೂಗಿದ್ದರೆ ನನಗೆ ಅದು ಸುಲಭವಾಗುತ್ತಿತ್ತು. ಎದ್ದು ಬಾಗಿಲ ಬಳಿಗೆ ಹೋಗಿ, ಚೀಲವನ್ನೆತ್ತಿ ತೂಕ ನೋಡಿದಳು. “ಸುಳ್ಳು ಹೇಳಿದ್ದಕ್ಕೆ ನಿನ್ ಮೇಲೆ ಎಷ್ಟು ಸಿಟ್ಟಿದೆ ಅಂತ ನಂಗೇ ಇನ್ನೂ ಅಳತೆ ಸಿಕ್ಕಿಲ್ಲ. ಅದನ್ನ ಮನೇಲಿ ತೀರಿಸ್ಕೋತೀನಿ. ಕೋಟು ಹಾಕ್ಕೋ.”

ಲಾಂಬೆ ಎದ್ದ.

“ಭಾವ,” ಎಂದಳು ಅವಳು, ನನ್ನ ಮುಖ ನೋಡದೆ. “ನೀವು ನಮ್ಮನೆಗೆ ಬರ್ಬೇಡಿ. ಎಷ್ಟು ದಿನ ಅಂತ ಕೇಳ್ಬೇಡಿ, ನಂಗೆ ಗೊತ್ತಿಲ್ಲ. ಸವಿನಾಗೆ ನಾನು ಹೇಳಲ್ಲ. ಯಾಕೆ ಬರ್ತಿಲ್ಲ ಅಂತ ಅವಳು ಬಂದು ಕೇಳಿದ ದಿನ ನೀವೇ ಹೇಳ್ಬೇಕು. ಇಷ್ಟೇ ಮಾತಲ್ಲಿ, ಹೀಗೇ.”

“ಹೇಳ್ತೀನಿ.”

“ಮಾತು ಕೊಡ್ಬೇಡಿ. ಹೇಳಿ ಸಾಕು.”

ಅವರು ಹೊರಟ ಮೇಲೆ ನಾನೂ ಟೋಪಿ ತೆಗೆದುಕೊಂಡೆ. ಅಗ್ಲಾಯಾ ಮೇಜು ಒರೆಸುತ್ತ, “ಮುಂದಿನ ಗುರುವಾರ ಮೂರು ಗಂಟೆ,” ಎಂದಳು.

“ನನ್ನ ತಮ್ಮ ಹೊರಟನಲ್ಲ?”

“ಅವನಿಗೆ ಹೇಳಿದ್ದಲ್ಲ ಮೇಷ್ಟ್ರೇ. ನಿಮಗೆ ಹೇಳಿದ್ದು.”

ಹೊರಗೆ ಹಿಮ ಬೀಳಲೋ ಬೇಡವೋ ಎಂಬಂತಿತ್ತು. ರಸ್ತೆಯಾಚೆಯ ನಿಲ್ದಾಣದಲ್ಲಿ ಅವರಿಬ್ಬರೂ ಒಂದು ಮಾರು ದೂರ ಬಿಟ್ಟು ನಿಂತಿದ್ದರು. ಬಸ್ಸು ಬಂದಾಗ ಲಾಂಬೆ ನನ್ನತ್ತ ತಿರುಗಿ ಅರ್ಧ ಕೈಯೆತ್ತಿದ. ಜೆನೋವಿಯಾ ಅವನ ತೋಳು ಹಿಡಿದು ಮೊದಲು ಅವನನ್ನು ಹತ್ತಿಸಿ, ಹಿಂದೆ ತಾನು ಹತ್ತಿದಳು. ಹಿಡಿದ ತೋಳನ್ನು ಬಿಟ್ಟಳೋ ಇಲ್ಲವೋ, ಕಿಟಕಿಯ ಮಂಜಿನಲ್ಲಿ ಕಾಣಲಿಲ್ಲ. ನಮ್ಮೂರಿಗೂ ಅದೇ ಬಸ್ಸು. ನಾನು ಗೇಟಿನ ಬಳಿಯಲ್ಲೇ ನಿಂತೆ.

“ಹತ್ತಲ್ವಾ ಮೇಷ್ಟ್ರೇ?” ಪಾಂತೆಲಿ ಹಿಂದಿನಿಂದ ಬಂದು ಕೇಳಿದ.

“ಮುಂದಿನದಕ್ಕೆ ಹೋಗ್ತೀನಿ.”

“ಅದು ಬರೋದು ಇನ್ನೆರಡು ಗಂಟೆಗೆ.”

“ಗೊತ್ತು.”

ಅವನು ಸಿಗರೇಟು ಹಚ್ಚಿ, ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ಆಮೇಲೆ, ನನಗೆ ಹೇಳಿದನೋ ರಸ್ತೆಗೆ ಹೇಳಿದನೋ ತಿಳಿಯದಂತೆ, “ನನ್ನ ಮಗನಿಗೆ ಮೊದಲ ಗುಟುಕು ಕುಡಿಸಿದ್ದು ನಾನೇ,” ಎಂದ. “ಐದು ವರ್ಷದವನು. ಹಲ್ಲುನೋವು ಅಂತ ಅಳ್ತಿದ್ದ. ಕುಡಿದು ಮುಖ ಹೀಗೆ ಕಿವುಚ್ದ, ಮನೆಯವರೆಲ್ಲ ನಕ್ವಿ. ಇನ್ನೊಂದು ಸಲ ಮಾಡೋ ಅಂತ ಮತ್ತೆ ಕೊಟ್ವಿ. ಇದನ್ನ ಒಳಗೆ ಯಾವತ್ತೂ ಹೇಳಿಲ್ಲ.”

ಒಳಗೆ ಹೇಳು ಎನ್ನಬೇಕೆನಿಸಿತು. ಹೇಗೆ ಹೇಳಬೇಕೆಂಬುದಕ್ಕೂ ವಾಕ್ಯಗಳು ಸಾಲಾಗಿ ಬಂದು ನಿಂತವು. ಒಂದನ್ನೂ ಆಡದೆ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಅವನ ಪಕ್ಕದಲ್ಲಿ ನಿಂತೆ.